ಔಷಧಿ ಗಂಟಿಗೆ ಮಾತ್ರ ಹೋಗಬಾರದೇ?

ನಮ್ಮಕ್ಕನಿಗೆ ಎದೆಯ ಗಂಟು ಕುಗ್ಗಲೆಂದು ಆಪರೇಷನ್ನಿಗೆ ಮುಂಚೆ ಕೀಮೋ ಕೊಟ್ಟರು. ಮೂರನೇ ವಾರಕ್ಕೆ ದಿಂಬಿನ ತುಂಬ ಕೂದಲು. ಬಾಯಲ್ಲಿ ಹುಣ್ಣಾಗಿ ಗಂಜಿಯೂ ಇಳಿಯದು. "ಈ ಔಷಧಿ ಗಂಟಿಗೆ ಮಾತ್ರ ಹೋಗಬಾರದೇನೇ?" ಎಂದು ಅತ್ತಳು.

ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇದೇ ಪ್ರಶ್ನೆ. ಕೀಮೋ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತಿ, ಬೇಗ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತೆ. ಕೂದಲಿನ ಬುಡ, ಬಾಯೊಳಗಿನ ಪದರ ಕೂಡ ಬೇಗ ಬೆಳೆಯುವಂಥವೇ. ಅವಕ್ಕೂ ಪೆಟ್ಟು ಬೀಳುತ್ತೆ.

ಅದಕ್ಕೇ ಒಂದು ಉಪಾಯ ಹುಡುಕಿದರು. ಕಣಕದೊಳಗೆ ಹೂರಣ ತುಂಬಿದ ಹಾಗೆ, ಔಷಧಿಯನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಯೊಳಗೆ ತುಂಬುವುದು. ಕೂದಲೆಳೆಯ ದಪ್ಪದಲ್ಲಿ ಇಂಥ ನೂರಾರು ಗುಳ್ಳೆ ಸಾಲಾಗಿ ಹಿಡಿಸುತ್ತವೆ! ಕ್ಯಾನ್ಸರ್ ಗೆಡ್ಡೆಯ ರಕ್ತನಾಳಗಳು ಸೋರುವ ಕೊಳವೆಯಂತಿರುವುದರಿಂದ ಗುಳ್ಳೆಗಳು ಅಲ್ಲಿ ಇಳಿದು ನಿಲ್ಲಬಹುದು. ಅಮೆರಿಕದಲ್ಲಿ 1995ರಲ್ಲೇ ಇಂಥ ಔಷಧಿಗೆ ಒಪ್ಪಿಗೆ ಸಿಕ್ಕಿತು.

ಇನ್ನೊಂದು ದಾರಿ ಬೆಳಕಿನದು. ಕತ್ತಲಲ್ಲಿ ಟಾರ್ಚನ್ನು ಅಂಗೈಗೆ ಒತ್ತಿ ನೋಡಿದ್ದೀರಾ? ಕೆಂಪು ಬೆಳಕು ಆಚೆ ಬರುತ್ತೆ. ಕಣ್ಣಿಗೆ ಕಾಣದ ಅವಗೆಂಪು ಬೆಳಕು ಇನ್ನೂ ಆಳಕ್ಕೆ ಹೋಗುತ್ತೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯದ ನವೋಮಿ ಹಲಾಸ್, ಜೆನಿಫರ್ ವೆಸ್ಟ್ ಎಂಬ ಇಬ್ಬರು ಹೆಂಗಸರು ಸಿಲಿಕಾ ಕಣಕ್ಕೆ ಚಿನ್ನದ ತೆಳು ಹೊದಿಕೆ ಹಾಕಿದರು. ಆ ಬೆಳಕು ಬಿದ್ದರೆ ಕಣ ಕಾಯುತ್ತೆ, ಸುತ್ತಲ ಕ್ಯಾನ್ಸರ್ ಕೋಶ ಸಾಯುತ್ತೆ. ಇಲಿಗಳ ಮೇಲಿನ ಫಲಿತಾಂಶ 2003ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರಿದ್ದ 16 ಗಂಡಸರ ಮೇಲಿನ ಪ್ರಯೋಗದ ವರದಿ 2019ರಲ್ಲಿ ಬಂತು.

ಈಗ ಎರಡನ್ನೂ ಜೋಡಿಸುವ ಯತ್ನ ನಡೆದಿದೆ. ಬಿಸಿಗೆ ಬೆಣ್ಣೆ ಕರಗುವಂತೆ, ಶಾಖ ತಾಗಿದಾಗ ಕಣ ಔಷಧಿಯನ್ನು ಬಿಡಬೇಕು. ಶಾಖಕ್ಕೆ ಸಾಯದೆ ಉಳಿದದ್ದನ್ನು ಔಷಧಿ ನೋಡಿಕೊಳ್ಳಬೇಕು. ಆಗ ಕಡಿಮೆ ಔಷಧಿ ಸಾಕಾದೀತೆಂಬ ಆಸೆ. ಆದರೆ ಇದು ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಇದೆ. ಬೆಳಕು ಬಹಳ ಆಳಕ್ಕೆ ಮುಟ್ಟೋಲ್ಲ, ಬಹಳಷ್ಟು ಕಣಗಳು ಪಿತ್ತಕೋಶದ ನೆರೆಯ ಯಕೃತ್ತಿನಲ್ಲೇ ಸಿಕ್ಕಿಬೀಳುತ್ತವೆ.

ಆದ್ದರಿಂದ "ಚಿನ್ನದಿಂದ ಕ್ಯಾನ್ಸರ್ ವಾಸಿ" ಅಂತ ಯಾರಾದರೂ ಭಸ್ಮ ಮಾರಲು ಬಂದರೆ ದುಡ್ಡು ಕೊಡಬೇಡಿ. ಈ ಚಿಕಿತ್ಸೆ ಬರಲೆಂದು ಕಾಯಲೂಬೇಡಿ.

ನಮ್ಮಕ್ಕ ಗಂಟನ್ನು ಎಂಟು ತಿಂಗಳು ಬಚ್ಚಿಟ್ಟಳು. ನೋವಿರಲಿಲ್ಲ, ನಾಚಿಕೆಯಿತ್ತು. ಅವಳೀಗ ಚೆನ್ನಾಗಿದ್ದಾಳೆ, ಜಡೆಯೂ ಬೆಳೆದಿದೆ. ಆದರೂ "ಆಗಲೇ ಹೇಳಿದ್ದರೆ ಇಷ್ಟು ಕಷ್ಟ ಪಡಬೇಕಾಗಿತ್ತೇನೇ?" ಅಂತಾಳೆ. ನೀವು ಹಾಗೆ ಮಾಡಬೇಡಿ. ಕೈಗೆ ಗಂಟು ಸಿಕ್ಕಿದರೆ, ನೋಯಲಿ ಬಿಡಲಿ, ಅದೇ ವಾರ ಡಾಕ್ಟರಿಗೆ ತೋರಿಸಿ.