ಸವೆದ ಬೆಲ್ಟು: ಯಂತ್ರದಲ್ಲಿ ಹಾಗೂ ಲೆಕ್ಕದ ಪುಸ್ತಕದಲ್ಲಿ

ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ, ಏರ್ ಕಂಪ್ರೆಸರ್, ತೋಟ-ಗದ್ದೆಗಳಲ್ಲಿ ದುಡಿಯುವ ಪವರ್ ಟಿಲ್ಲರ್ ಮೊದಲಾದವುಗಳಲ್ಲಿ ಮೋಟಾರು ಅಥವಾ ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೆ ಮುಟ್ಟಿಸುವುದು ಸಾಮಾನ್ಯವಾಗಿ ವಿ-ಬೆಲ್ಟು. ಅದರ ಬೆಲೆ ಅಲ್ಪ. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಅದು 'ದುರಸ್ತಿ ಮತ್ತು ನಿರ್ವಹಣೆ' ಎಂಬ ಒಂದೇ ಸಾಲಿನೊಳಗೆ ಅಡಗಿಹೋಗುತ್ತದೆ. ಆದುದರಿಂದ ಮಾಲೀಕರ ಗಮನ ಅತ್ತ ಹರಿಯುವುದು ಬೆಲ್ಟು ತುಂಡಾದ ದಿನ ಮಾತ್ರ.

ನಮ್ಮ ಕಕ್ಷಿದಾರರಾದ ಗಿರಣಿ ಮಾಲೀಕರೊಬ್ಬರ ಬಿಲ್ಲುಗಳನ್ನು ಪರಿಶೀಲಿಸುವಾಗ ಒಂದೇ ಅಳತೆಯ ಬೆಲ್ಟನ್ನು ಒಂದೇ ವರ್ಷದಲ್ಲಿ ನಾಲ್ಕು ಬಾರಿ, ಪ್ರತಿ ಸಲವೂ ಒಂದೊಂದಾಗಿ, ಖರೀದಿಸಿದ್ದು ಕಂಡುಬಂದಿತು. ಅವರ ಪುಲ್ಲಿಯಲ್ಲಿ ನಾಲ್ಕು ಬೆಲ್ಟುಗಳು ಓಡುತ್ತವೆ. ತುಂಡಾದುದನ್ನಷ್ಟೇ ಬದಲಿಸಿ ಉಳಿದ ಮೂರರ ಹಣ ಉಳಿಸಿದೆನೆಂದು ಅವರು ಭಾವಿಸಿದ್ದರು. ವಾಸ್ತವವಾಗಿ ಹಳೆಯ ಮೂರು ಎಳೆದು ಉದ್ದವಾಗಿರುತ್ತವೆ. ಹೊಸದು ಗಿಡ್ಡವಾಗಿದ್ದು ಭಾರದ ಬಹುಪಾಲನ್ನು ತಾನೊಂದೇ ಹೊತ್ತು ಬೇಗನೆ ಸಾಯುತ್ತದೆ. ಒಂದು ಪುಲ್ಲಿಯ ಬೆಲ್ಟುಗಳನ್ನು ಒಂದೇ ತಯಾರಕರ, ಒಂದೇ ಅಳತೆಯ ಜೋಡಿಯಾಗಿ ಒಟ್ಟಿಗೆ ಬದಲಿಸತಕ್ಕದ್ದು. ನಾಲ್ಕು ಬೆಲ್ಟುಗಳ ಹಣ ಅವರಿಗೂ ಖರ್ಚಾಯಿತು. ಅದರ ಮೇಲೆ ನಾಲ್ಕು ದಿನ ಗಿರಣಿ ನಿಂತಿತು. ನಿಂತ ದಿನದ ಕೂಲಿಗೆ ಯಾವ ಬಿಲ್ಲೂ ಇಲ್ಲದಿರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ತುಂಡಾಗದೆಯೂ ಬೆಲ್ಟು ಹಣ ತಿನ್ನುತ್ತದೆ. ವಿ-ಬೆಲ್ಟು ತೋಡಿನ ಎರಡು ಪಕ್ಕಗಳನ್ನು ಒತ್ತಿ ಹಿಡಿದು ಎಳೆಯುವಂಥದು, ತಳವನ್ನು ಮುಟ್ಟಬಾರದು. ಸವೆದಾಗ ಅದು ಒಳಕ್ಕೆ ಇಳಿದು, ತಳ ತಾಗಿ, ಜಾರುತ್ತದೆ. ಪಕ್ಕಗಳು ಗಾಜಿನಂತೆ ಹೊಳೆಯುವುದು, ಶುರುವಿನಲ್ಲಿ ಕಿರುಚುವ ಸದ್ದು, ಸುಟ್ಟ ರಬ್ಬರಿನ ವಾಸನೆ ಇದರ ಕುರುಹುಗಳು. ಸರಿಯಾಗಿ ಅಳವಡಿಸಿದ ಹೊಸ ಬೆಲ್ಟು ಶೇ. 95ರಿಂದ 98ರಷ್ಟು ಶಕ್ತಿಯನ್ನು ಮುಟ್ಟಿಸುತ್ತದೆ. ಬಿಗಿಯನ್ನು ನೋಡಿಕೊಳ್ಳದಿದ್ದರೆ ಇದು ಶೇ. 5ರವರೆಗೂ ಕುಸಿಯಬಹುದು. 10 ಅಶ್ವಶಕ್ತಿಯ ಮೋಟಾರು ಪೂರ್ಣ ಭಾರದಲ್ಲಿ ದಿನಕ್ಕೆ 8 ಗಂಟೆಯಂತೆ 300 ದಿನ ಓಡಿದರೆ ಸುಮಾರು 18,000 ಯೂನಿಟ್. ಶೇ. 4ರ ನಷ್ಟವೆಂದರೆ 720 ಯೂನಿಟ್. ಯೂನಿಟ್ಟಿಗೆ 7 ರೂ. ಎಂದು ಹಿಡಿದರೂ ವರ್ಷಕ್ಕೆ 5,040 ರೂ. ಆಯಿತು. ಇದನ್ನು ಓದುಗರು ತಮ್ಮ ಊರಿನ ಅಂಗಡಿಯ ಬೆಲ್ಟಿನ ದರದೊಂದಿಗೆ ಹೋಲಿಸಿಕೊಳ್ಳಬಹುದು.

ಜಾರುತ್ತಿರುವ ಹಳೆಯ ಬೆಲ್ಟನ್ನು ಮತ್ತಷ್ಟು ಬಿಗಿ ಮಾಡುವುದು ನಮ್ಮಲ್ಲಿ ರೂಢಿ. ಆ ಒತ್ತಡ ಬೇರಿಂಗಿನ ಮೇಲೆ ಬೀಳುತ್ತದೆ. ಹಾಗೆಯೇ, ಹೊಸ ಬೆಲ್ಟನ್ನು ಸಲಾಕೆಯಿಂದ ಮೀಟಿ ಪುಲ್ಲಿಗೆ ಏರಿಸುವ ಅವಸರ ಬೇಡ. ಒಳಗಿನ ದಾರಗಳು ಹೊರಗೆ ಕಾಣದಂತೆ ಹರಿಯುತ್ತವೆ. ಮುಖ್ಯ ಸ್ವಿಚ್ ಆರಿಸಿ, ಫ್ಯೂಸ್ ಕಳಚಿ ಜೇಬಿನಲ್ಲಿಟ್ಟುಕೊಂಡು, ಮೋಟಾರಿನ ಬೋಲ್ಟು ಸಡಿಲಿಸಿ ಒಳಕ್ಕೆ ಸರಿಸಿದರೆ ಬೆಲ್ಟು ಕೈಯಿಂದಲೇ ಕೂರುತ್ತದೆ. ತೋಡಿನ ಪಕ್ಕಗಳೇ ಸವೆದು ಕುಳಿಬಿದ್ದಿದ್ದರೆ ಮೊದಲು ಪುಲ್ಲಿಯನ್ನು ಬದಲಿಸಬೇಕು. ಹೊಸ ಬೆಲ್ಟು ಮೊದಲ ಒಂದೆರಡು ದಿನಗಳಲ್ಲಿ ಕೊಂಚ ಎಳೆಯುವುದರಿಂದ ಬಿಗಿಯನ್ನು ಮತ್ತೊಮ್ಮೆ ನೋಡುವುದು ಅವಶ್ಯ. ಕಳಚಿದ ಕವಚವನ್ನು ಗೋಡೆಗೆ ಒರಗಿಸಿಯೇ ಯಂತ್ರ ಓಡಿಸುವ ಘಟಕಗಳನ್ನು ಈಗಲೂ ಕಾಣುತ್ತೇವೆ. ಕೆಲಸಗಾರನ ಬೆರಳು ಹೋದರೆ ಅದಕ್ಕೆ ಬಿಡಿಭಾಗ ಸಿಗುವುದಿಲ್ಲ.

ಇನ್ನು ಲೆಕ್ಕದ ವಿಷಯ. ಬೆಲ್ಟಿನ ಬದಲಾವಣೆ ಇರುವ ಯಂತ್ರವನ್ನು ಸುಸ್ಥಿತಿಯಲ್ಲಿಡುವ ಚಾಲ್ತಿ ದುರಸ್ತಿಯಾದ್ದರಿಂದ ಅದನ್ನು ಆಯಾ ವರ್ಷದ ಆದಾಯದಿಂದ ಕಳೆಯಬಹುದು. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2007ರಲ್ಲಿ, ಇಡೀ ರಿಂಗ್ ಫ್ರೇಮ್ ಯಂತ್ರವನ್ನೇ ಬದಲಿಸಿದ ವೆಚ್ಚ ಚಾಲ್ತಿ ದುರಸ್ತಿಯಲ್ಲವೆಂದು ಹೇಳಿತು. ಬೆಲ್ಟಿಗೂ ಯಂತ್ರಕ್ಕೂ ಇರುವ ಅಂತರ ಇದರಿಂದ ಸ್ಪಷ್ಟ. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಹೊಂದಿ ತೆರಿಗೆ ವಿಧಿಸಬಹುದಾದ ಸರಕು ತಯಾರಿಸುವವರು ತಮ್ಮ ನೋಂದಣಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಕಾಂಪೊಸಿಷನ್ ಪದ್ಧತಿಯವರಿಗೆ ಈ ಸೌಲಭ್ಯವಿಲ್ಲ. ಚಿಲ್ಲರೆ ಖರ್ಚೆಂದು ಫಿಟ್ಟರನ ಕೈಗೆ ನಗದು ಕೊಟ್ಟು ಚೀಟಿ ಬರೆಸಿಕೊಂಡಲ್ಲಿ ಜಮೆ ದೊರೆಯದು.

ಒಂದು ಪೂರ್ಣ ಜೋಡಿಯನ್ನು ದಾಸ್ತಾನಿನಲ್ಲಿ ಇಡುವುದು ಒಳಿತು. ಬಿಸಿಲು, ಎಣ್ಣೆ ತಾಗದಂತೆ, ಮೊಳೆಗೆ ನೇತುಹಾಕದೆ ಕಪಾಟಿನಲ್ಲಿ ಸಡಿಲವಾಗಿ ಸುತ್ತಿಡಿ. ಮಾರ್ಚ್ 31ರಂದು ಬಳಕೆಯಾಗದೆ ಉಳಿದಿದ್ದರೆ ಅದನ್ನು ಬಿಡಿಭಾಗಗಳ ದಾಸ್ತಾನಿನಲ್ಲಿ ತೋರಿಸಬೇಕು.