ಸಾವಿರ ಪುಟಕ್ಕೆ ಒಂದೇ ಅಚ್ಚು

ವೆಬ್‌ಸೈಟ್ ಕಟ್ಟುವಾಗ ಒಂದೇ ಕೋಡನ್ನು ಪುಟಪುಟಕ್ಕೂ ನಕಲು ಮಾಡುವುದು ಸುಲಭ. ಕಷ್ಟ ಗೊತ್ತಾಗುವುದು ತಿದ್ದುವ ದಿನ. ನಕಲು ಎಷ್ಟಿವೆಯೋ ಅಷ್ಟೂ ಕಡೆ ಕೈಹಾಕಬೇಕು. ಒಂದು ಕಣ್ತಪ್ಪಿದರೂ ಸೈಟು ಒಂದೊಂದು ಪುಟದಲ್ಲಿ ಒಂದೊಂದು ಥರ ನಡೆಯುತ್ತದೆ. ಒಂದು ವಿಷಯಕ್ಕೆ ಇಡೀ ವ್ಯವಸ್ಥೆಯಲ್ಲಿ ಒಂದೇ ಅಧಿಕೃತ ನೆಲೆ ಇರಬೇಕೆಂಬ ಸೂತ್ರವನ್ನು ಆ್ಯಂಡಿ ಹಂಟ್ ಮತ್ತು ಡೇವ್ ಥಾಮಸ್ 1999ರಲ್ಲಿ ತಮ್ಮ ‘ದ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್’ ಪುಸ್ತಕದಲ್ಲಿ ‘ಡ್ರೈ’ ಎಂಬ ಹೆಸರಿನಲ್ಲಿ ಮುಂದಿಟ್ಟರು.

ಅದೇ ವರ್ಷ ಸಿಡ್ನಿಯಲ್ಲಿ ಈ ಲೆಕ್ಕ ಕಾನೂನಿನ ಕಟ್ಟೆಗೇ ಬಂತು. ಒಲಿಂಪಿಕ್ಸ್ ಸಂಘಟನಾ ಸಮಿತಿಯ ವೆಬ್‌ಸೈಟನ್ನು ತಾವು ಬಳಸಲಾಗುತ್ತಿಲ್ಲ ಎಂದು ಅಂಧರಾದ ಬ್ರೂಸ್ ಮೆಗ್ವೈರ್ ಮಾನವ ಹಕ್ಕುಗಳು ಮತ್ತು ಸಮಾನ ಅವಕಾಶ ಆಯೋಗಕ್ಕೆ ದೂರು ಕೊಟ್ಟರು. ಅವರು ಬ್ರೈಲ್ ಪರದೆಯಲ್ಲಿ ಓದುತ್ತಿದ್ದರು; ಸೈಟಿನ ಅನೇಕ ಚಿತ್ರಗಳಿಗೆ ಬದಲಿ ಪಠ್ಯವೇ ಇರಲಿಲ್ಲ. ಫಲಿತಾಂಶ ಕೋಷ್ಟಕಗಳಿಗೆ 1,295 ಟೆಂಪ್ಲೇಟ್‌ಗಳಿವೆ, ಅವನ್ನೆಲ್ಲ ತಿದ್ದಲು ಒಬ್ಬರಿಗೆ 368 ದಿನದ ಕೆಲಸವಾಗುತ್ತದೆ ಎಂದು ಸಮಿತಿ ವಾದಿಸಿತು. ಟೆಂಪ್ಲೇಟ್‌ಗಳು ಅಷ್ಟಿಲ್ಲ, ಒಂದೊಂದಕ್ಕೆ ಎರಡು ಗಂಟೆಯೂ ಬೇಡ, ಹತ್ತು ನಿಮಿಷದ ಆಸುಪಾಸು ಸಾಕು ಎಂಬುದು ಎದುರು ಪಕ್ಷದ ತಜ್ಞರ ಮಾತು. 2000ದ ಆಗಸ್ಟ್‌ನಲ್ಲಿ ತೀರ್ಪು ಮೆಗ್ವೈರ್ ಪರವಾಗಿ ಬಂತು. ಸಮಿತಿ ಅದನ್ನು ಪೂರ್ತಿ ಪಾಲಿಸದ ಕಾರಣ 20,000 ಡಾಲರ್ ಪರಿಹಾರವನ್ನೂ ತೆರಬೇಕಾಯಿತು.

ಟೆಂಪ್ಲೇಟ್ ಎಂದರೆ ಪುಟದ ಅಚ್ಚು. ಓಟವಿರಲಿ, ಈಜಿರಲಿ, ಹೆಸರು, ದೇಶ, ಸಮಯ ತುಂಬಿಕೊಳ್ಳುವ ಕೋಷ್ಟಕ ಒಂದೇ ಆಗಿದ್ದರೆ ಅದನ್ನು ಒಮ್ಮೆ ತಿದ್ದಿದರೆ ಎಲ್ಲ ಕ್ರೀಡೆಗಳ ಪುಟವೂ ಸರಿಹೋಗುತ್ತದೆ. ಪುನರಾವರ್ತನೆ ತಪ್ಪಿಸುವುದು ಬರೀ ಪ್ರೋಗ್ರಾಮರನ ಶ್ರಮ ಉಳಿಸುವ ಮಾತಲ್ಲ. ಕಾಣದವರೊಬ್ಬರಿಗೆ ಪುಟ ಎಷ್ಟು ಬೇಗ ದಕ್ಕುತ್ತದೆ ಎಂಬುದೂ ಅದರ ಮೇಲೇ ನಿಂತಿದೆ.

ಅಂದಚಂದದ ನಿಯಮಗಳನ್ನು ಹೇಳುವ ಸಿಎಸ್‌ಎಸ್‌ನಲ್ಲಿ ತೊಡಕು ಬೇರೆ. ಅಲ್ಲಿ ಹೆಸರುಗಳಿಗೆ ಗೋಡೆಯಿಲ್ಲ. ಒಬ್ಬರು ‘ಬಟನ್’ ಎಂಬ ಹೆಸರಿಗೆ ಕೆಂಪು ಬಣ್ಣ ಕೊಟ್ಟರೆ, ಅದೇ ಹೆಸರಿಟ್ಟ ಇನ್ನೊಬ್ಬರ ಬಟನ್ನೂ ಕೆಂಪಾಗುತ್ತದೆ. ಹಳೆಯ ನಿಯಮ ಮುಟ್ಟಲು ಹೆದರಿ ಜನ ಹೊಸ ನಕಲನ್ನೇ ಬರೆಯುತ್ತಾರೆ. 2015ರಲ್ಲಿ ಮೆಲ್ಬರ್ನಿನ ಗ್ಲೆನ್ ಮ್ಯಾಡರ್ನ್ ಮತ್ತು ಮಾರ್ಕ್ ಡಾಲ್ಗ್ಲೀಶ್, ಜರ್ಮನಿಯ ಟೋಬಿಯಸ್ ಕೊಪ್ಪರ್ಸ್ ಜೊತೆ ಸೇರಿ ‘ಸಿಎಸ್‌ಎಸ್ ಮಾಡ್ಯೂಲ್ಸ್’ ರೂಪಿಸಿದರು. ಸೈಟು ಸಿದ್ಧವಾಗುವ ಹೊತ್ತಿಗೆ ಉಪಕರಣವೇ ಪ್ರತಿ ಫೈಲಿನ ಹೆಸರುಗಳನ್ನು ಬೇರೆಲ್ಲೂ ಇರದಂತೆ ಬದಲಿಸುತ್ತದೆ. ಒಂದರ ಬಣ್ಣ ಇನ್ನೊಂದಕ್ಕೆ ಸೋರುವುದಿಲ್ಲ. ಹಂಚಿಕೊಳ್ಳಬೇಕಾದ ನಿಯಮವನ್ನು ಹೆಸರು ಹೇಳಿಯೇ ತರಿಸಿಕೊಳ್ಳಬೇಕು. ಮೆಲ್ಬರ್ನಿನದೇ ಉದ್ಯೋಗ ತಾಣ ‘ಸೀಕ್’ ಮುಂದೆ ಬಟನ್, ಶೀರ್ಷಿಕೆ, ಫಾರಂಗಳನ್ನು ‘ಬ್ರೇಡ್’ ಎಂಬ ಮುಕ್ತ ಸಂಗ್ರಹವಾಗಿ ಕಟ್ಟಿತು.

ಆದರೆ ಒಂದೇ ಥರ ಕಂಡಿದ್ದೆಲ್ಲ ಒಂದೇ ಅಲ್ಲ. ಕೆಲಸ ಹುಡುಕುವವರ ಫಾರಂ, ಕೆಲಸ ಕೊಡುವವರ ಫಾರಂ ಇವತ್ತು ತದ್ರೂಪಿಯಾಗಿದ್ದರೂ ನಾಳೆ ಬೇರೆ ಬೇರೆ ಕಾರಣಕ್ಕೆ ಬದಲಾಗುವಂಥವು. ಅಂಥವನ್ನು ಬೆಸೆದರೆ ಒಳಗೆ ‘ಇವರಾದರೆ ಹೀಗೆ, ಅವರಾದರೆ ಹಾಗೆ’ ಎಂಬ ಷರತ್ತುಗಳೇ ತುಂಬಿಕೊಳ್ಳುತ್ತವೆ. ಅಲ್ಲಿ ಎರಡು ಪ್ರತಿ ಇಟ್ಟುಕೊಳ್ಳುವುದೇ ಮೇಲು.