ಅಕ್ಕಿ ಡಬ್ಬದಲ್ಲಿ ಮೊಬೈಲು! ಪುಕ್ಕಟೆ ಉಪಾಯಕ್ಕೂ ಬೆಲೆ ಉಂಟು

ಮಳೆಗಾಲದ ಸಂಜೆ ಬಸ್ಸು. ಕಾಲಿಡಲು ಜಾಗವಿಲ್ಲ. ಯಾರದೋ ಜೇಬಿನ ಮೊಬೈಲು ನೆನೆದು ಕಣ್ಣು ಮುಚ್ಚಿತೆನ್ನಿ. ತಕ್ಷಣ ಸುತ್ತಲೂ ಹತ್ತು ಮಂದಿ ಡಾಕ್ಟರು ಹುಟ್ಟಿಕೊಳ್ಳುತ್ತಾರೆ.

"ಅಕ್ಕಿ ಡಬ್ಬದಲ್ಲಿ ಹೂತಿಡ್ರೀ, ಬೆಳಿಗ್ಗೆಗೆ ಎದ್ದು ಕೂರುತ್ತೆ."

"ಅಕ್ಕಿ ಯಾಕ್ರೀ? ಕಟಿಂಗ್ ಶಾಪಿನವನ ಹತ್ರ ಬಿಸಿಗಾಳಿ ಮಿಷನ್ ಇಲ್ವಾ? ಎರಡು ನಿಮಿಷ ಹಿಡಿಸಿ."

ಈ ವಿದ್ಯೆ ಎಲ್ಲಿ ಕಲಿತಿರಿ ಸ್ವಾಮಿ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮೊಬೈಲಲ್ಲೇ ನೋಡಿದ್ದು!"

ಆದರೆ ಫೋನು ಮಾಡುವವರು ಹೇಳುವುದೇ ಬೇರೆ. ಐಫೋನ್ ತಯಾರಿಸುವ ಆಪಲ್ ಕಂಪನಿ ಕೊಟ್ಟಿರುವ ಸೂಚನೆ 2024ರ ಫೆಬ್ರವರಿಯಲ್ಲಿ ಲೋಕಕ್ಕೆಲ್ಲ ಸುದ್ದಿಯಾಯಿತು. ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಪುಡಿ ಒಳಗೆ ಹೊಕ್ಕರೆ ಫೋನು ಕೆಡಬಹುದು. ಬಿಸಿ ತಾಗಿಸಬೇಡಿ. ತೂತಿಗೆ ಹತ್ತಿ ಕಡ್ಡಿ ತುರುಕಬೇಡಿ. ಚಾರ್ಜರ್ ಚುಚ್ಚುವ ತೂತು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ಅರ್ಧ ಗಂಟೆಯಾದರೂ ಬಿಟ್ಟು ಚಾರ್ಜ್ ಮಾಡಿ ನೋಡಿ. ಪೂರ್ತಿ ಒಣಗಲು 24 ಗಂಟೆ ಹಿಡಿದರೂ ಹಿಡಿದೀತು. ಇಷ್ಟೇ. ಅಕ್ಕಿ ಅನ್ನಕ್ಕಿರಲಿ!

ಸಾವಿರ ವರ್ಷದ ಚಟ

"ಹೀಗೆ ಮಾಡಿ ನೋಡಿ" ಎಂದು ಹೇಳಿಕೊಡುವ ಚಟ ನಮಗೆ ಹೊಸದೇನಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ, ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯ ಎಂಬ ಕವಿ 'ಲೋಕೋಪಕಾರ' ಎಂಬ ಕನ್ನಡ ಗ್ರಂಥವನ್ನೇ ಬರೆದ. ನೆಲದಡಿಯ ನೀರು ಪತ್ತೆ ಮಾಡುವುದರಿಂದ ಹಿಡಿದು ಗಿಡದ ರೋಗ, ಅಡಿಗೆ, ಸುಗಂಧ, ದನಕರುಗಳ ಔಷಧ, ವಿಷವೈದ್ಯ, ಶಕುನದವರೆಗೆ ಅದರಲ್ಲಿ ಎಲ್ಲವೂ ಉಂಟು. ಈಗಿನವರು ಫೋನಿನಲ್ಲಿ ಹುಡುಕುವುದೂ ಬಹುಪಾಲು ಇದನ್ನೇ!

2005ರಲ್ಲಿ ಅಮೆರಿಕದಲ್ಲಿ ಶುರುವಾದ 'ವಿಕಿಹೌ' ಎಂಬ ತಾಣವಂತೂ ಇಂಥ ಪಾಠಗಳ ಸಂತೆಯೇ ಸರಿ. ಸೈಕಲ್ ಪಂಕ್ಚರ್ ಹಾಕುವುದಕ್ಕೂ ಪಾಠ, ಉಷ್ಟ್ರಪಕ್ಷಿ ಎದುರಾದರೆ ಜೀವ ಉಳಿಸಿಕೊಳ್ಳುವುದಕ್ಕೂ ಪಾಠ. ಓದಿ ನಕ್ಕರೆ ಯಾರಿಗೂ ನಷ್ಟವಿಲ್ಲ.

ತಮಾಷೆ ಅಮಾಸೆಯಾದದ್ದು

ನಷ್ಟ ಶುರುವಾಗುವುದು ತಮಾಷೆಯನ್ನು ನಿಜವೆಂದು ನಂಬಿದಾಗ. 2014ರ ಸೆಪ್ಟೆಂಬರಿನಲ್ಲಿ ಯಾರೋ ಕಿಡಿಗೇಡಿಗಳು ಕಂಪನಿಯದೇ ಎಂಬಂತೆ ಒಂದು ಜಾಹಿರಾತು ಹರಿಯಬಿಟ್ಟರು. ಮೈಕ್ರೋವೇವ್ ಒಲೆಯಲ್ಲಿ ಇಟ್ಟರೆ ಐಫೋನು ಚಾರ್ಜ್ ಆಗುತ್ತದೆ ಎಂದು! ಅದನ್ನು ನಂಬಬೇಡಿರೆಂದು ಲಾಸ್ ಏಂಜಲೀಸಿನ ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. 2016ರಲ್ಲಿ ಹೊಸ ಐಫೋನಿಗೆ ಇಯರ್‌ಫೋನಿನ ತೂತು ಇರಲಿಲ್ಲ. "ಡ್ರಿಲ್ ಹಾಕಿ, ಒಳಗೆ ತೂತು ಇದ್ದೇ ಇದೆ" ಎಂದು ಒಬ್ಬಾತ ವೀಡಿಯೋ ಮಾಡಿದ. ನಗಲೆಂದು ಮಾಡಿದ್ದನ್ನು ನಂಬಿ ಕೆಲವರು ಕೊರೆದೇಬಿಟ್ಟರು!

ಮನುಷ್ಯರು ಮಾತ್ರ ಮೋಸ ಹೋಗುತ್ತಾರೆಂದಲ್ಲ, ಯಂತ್ರವೂ ಹೋಗುತ್ತದೆ. 2024ರ ಮೇ ತಿಂಗಳಲ್ಲಿ ಗೂಗಲ್‌ನ ಕೃತಕ ಬುದ್ಧಿ, ಪಿಜ್ಜಾ ಮೇಲಿನ ಚೀಸ್ ಜಾರದಿರಲು ಸಾರಿಗೆ ಸ್ವಲ್ಪ ಅಂಟು ಬೆರೆಸಿ ಎಂದು ಸಲಹೆ ಕೊಟ್ಟಿತು. ಹುಡುಕಿದರೆ ಮೂಲ ಸಿಕ್ಕಿದ್ದು ಹನ್ನೊಂದು ವರ್ಷ ಹಿಂದೆ ಯಾರೋ ಬರೆದ ಕುಚೋದ್ಯದಲ್ಲಿ. ಅಂದಿನ ನಗೆಮಾತು ಇಂದಿನ ಅಡಿಗೆ ಪಾಠ!

ಇಲ್ಲಿ ನಗುವಂತಿಲ್ಲ

ಫೋನು ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಮೈ ಸುಟ್ಟರೆ?

ಬಿಸಿ ಎಣ್ಣೆ ಸಿಡಿದರೆ ಟೂತ್‌ಪೇಸ್ಟ್ ಬಳಿಯುವುದು, ಅರಿಶಿನ ಮೆತ್ತುವುದು, ಬೆಣ್ಣೆ ಸವರುವುದು ಮನೆಮನೆಯ ರೂಢಿ. ಈಗ ಅದಕ್ಕೆ ವೀಡಿಯೋಗಳ ಸಾಕ್ಷಿಯೂ ಸಿಕ್ಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಾಧಾರಣ ಇಲ್ಲವೇ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ. ಸುಟ್ಟಗಾಯಕ್ಕೆ ಪೇಸ್ಟ್, ಎಣ್ಣೆ, ಅರಿಶಿನ, ಹತ್ತಿ ಹಾಕಕೂಡದೆಂದು ಅದೇ ಸಂಸ್ಥೆ ಹೆಸರಿಟ್ಟು ಹೇಳಿದೆ. ನೇರ ಐಸ್ ಇಡುವುದೂ ತಪ್ಪು. ಮಾಡಬೇಕಾದ್ದು ಸುಲಭ: ತಕ್ಷಣ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದು, ಬೊಬ್ಬೆ ಒಡೆಯದಿರುವುದು, ಗಾಯ ದೊಡ್ಡದಾಗಿದ್ದರೆ ಆಸ್ಪತ್ರೆಗೆ ಓಡುವುದು.

ಇನ್ನೊಂದು ಅಪಾಯ ಬಚ್ಚಲಿನದು. "ಎರಡು ಬೆರೆಸಿದರೆ ಎರಡು ಪಟ್ಟು ಬಿಳುಪು" ಎಂಬ ಆಸೆಗೆ ಬ್ಲೀಚಿಂಗ್ ಪೌಡರಿನ ಮೇಲೆ ಕಕ್ಕಸು ತೊಳೆಯುವ ಆಸಿಡ್ ಸುರಿಯುವವರುಂಟು. ಅಲ್ಲಿ ಏಳುವುದು ಕ್ಲೋರಿನ್ ಅನಿಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಮುಚ್ಚಿದ ಬಚ್ಚಲಲ್ಲಿ ಒಂದೆರಡು ಉಸಿರು ಎಳೆದರೂ ಎದೆ ಹಿಡಿದುಕೊಳ್ಳುತ್ತದೆ. ಘಾಟು ಬಂದ ಕೂಡಲೇ ಕೈಲಿದ್ದದ್ದು ಬಿಟ್ಟು ಹೊರಗೆ ಗಾಳಿಗೆ ಬರಬೇಕು. ಉಸಿರು ಕಟ್ಟಿದರೆ 108ಕ್ಕೆ ಫೋನು ಮಾಡಬೇಕು.

ಈ ಎರಡು ಸಾಮಾನೂ ಸಿಗುವುದು ಒಂದೇ ಅಂಗಡಿಯಲ್ಲಿ. ಒಂದೇ ಚೀಲಕ್ಕೆ ಹಾಕಿ ಕೊಡುವಾಗ "ಅಮ್ಮಾ, ಎರಡನ್ನೂ ಬೆರೆಸಬೇಡಿ" ಎಂದು ಅಂಗಡಿಯವರು ಒಂದು ಮಾತು ಹೇಳಿದರೆ ಗಂಟೇನೂ ಹೋಗದು.

ಉದ್ದರಿಯ ಲೆಕ್ಕ

ಹಾಗಾದರೆ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು? ಉತ್ತರ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರವೇ ಇದೆ. ಗುರುತಿಲ್ಲದವನು ಉದ್ದರಿ ಕೇಳಿದರೆ ವರ್ತಕ ಏನು ಮಾಡುತ್ತಾನೆ? "ಇವನು ವಾಪಸು ಬರದಿದ್ದರೆ ಹೋಗುವುದೆಷ್ಟು?" ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಬೆಂಕಿಪೊಟ್ಟಣವಾದರೆ ಕೊಟ್ಟುಬಿಡುತ್ತಾನೆ. ಅಕ್ಕಿಮೂಟೆಯಾದರೆ ವಿಳಾಸ ಕೇಳುತ್ತಾನೆ.

ಮೊಬೈಲಿನ ಉಪಾಯವೂ ಗುರುತಿಲ್ಲದ ಗಿರಾಕಿಯೇ. ಅದು ಸುಳ್ಳಾದರೆ ಹೋಗುವುದೇನು? ಒಂದು ನಿಂಬೆಹಣ್ಣು, ಅರ್ಧ ಗಂಟೆ ಎಂದಾದರೆ ಧಾರಾಳವಾಗಿ ಮಾಡಿ ನೋಡಬಹುದು. ಕಣ್ಣು, ಚರ್ಮ, ಉಸಿರು, ಕರೆಂಟು, ಗ್ಯಾಸು, ಮಗುವಿನ ಮೈ ಎಂದಾದರೆ ಉದ್ದರಿ ಬಂದ್. ಡಾಕ್ಟರನ್ನೋ, ಬಲ್ಲ ಮಿಸ್ತ್ರಿಯನ್ನೋ ಕೇಳಿಯೇ ಮುಂದಿನ ಮಾತು.

ಉಪಾಯ ಹೇಳಿದವನು ಗಾಯವಾದಾಗ ಬರುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನೂ ಅವನು ಕಟ್ಟುವುದಿಲ್ಲ. ಅದು ಬರುವುದು ನಮ್ಮ ಖಾತೆಗೇ!